ಕೇಳಿ, ಹೇಳ್ತೀವಿ: ಎತ್ತರದ ಮರ ಹುಡುಕೋರ ಲೆಕ್ಕಾಚಾರ

ಹೋದ ಸಂಚಿಕೆಯಲ್ಲಿ ಬೋರಿವಲಿ ನ್ಯಾಷನಲ್ ಪಾರ್ಕ್ ಬಗ್ಗೆ ಬರೀತಾ ಜಗತ್ತಿನ ಎತ್ತರದ ಮರಗಳ ಮಾತು ಒಂದೆರಡು ಸಾಲು ಬಂದಿತ್ತು, ಅಷ್ಟಕ್ಕೇ ಈ ಸಲ ಮುಂಬೈ, ಪುಣೆ, ಗೋವಾದಿಂದ ಬಂದ ಪತ್ರ, ವಾಟ್ಸಾಪ್ ಮೆಸೇಜು ಎಲ್ಲಾ ಮರದ್ದೇ. ಹಾಗಾಗಿ ಸೊಸೈಟಿ ಲೀಕೇಜ್, ಪಾರ್ಕಿಂಗ್ ಜಗಳದ ಪ್ರಶ್ನೆ ಕಳಿಸಿದವರು ಒಂದು ತಿಂಗಳು ತಡ್ಕೊಳ್ಳಿ.

ಮಗಳ ಜಿಕೆ ಪುಸ್ತಕದಲ್ಲಿ ಜಗತ್ತಿನ ಅತಿ ಎತ್ತರದ ಮರ 112 ಮೀಟರ್ ಅಂತಿದೆ, ಟೀಚರ್ 115 ಅಂದ್ರಂತೆ, ಇಂಟರ್ನೆಟ್ಟಲ್ಲಿ 116 ಅಂತ ಬರುತ್ತೆ. ಯಾವುದು ಬರೆದ್ರೆ ಮಾರ್ಕ್ಸ್ ಸಿಗುತ್ತೆ?
— ಒಬ್ಬ ಅಮ್ಮ, ಡೊಂಬಿವಲಿ

ಮಾರ್ಕ್ಸ್ ವಿಷಯ ಟೀಚರಿಗೆ ಬಿಟ್ಟಿದ್ದು, ಆದ್ರೆ ಮೂರೂ ಒಂದೊಂದು ಕಾಲಕ್ಕೆ ಸರಿಯೇ. 2000ನೇ ಇಸವಿಯಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಸ್ಟ್ರಾಟೋಸ್ಫಿಯರ್ ಜಯಂಟ್ ಅನ್ನೋ ರೆಡ್‌ವುಡ್ ಮರ ಸಿಕ್ತು, ಅದು 112 ಮೀಟರ್ ಚಿಲ್ಲರೆ, ಪುಸ್ತಕ ಅಲ್ಲಿಗೇ ನಿಂತಿದೆ. 2006ರಲ್ಲಿ ಅದನ್ನ ಮೀರಿಸಿದ ಹೈಪೀರಿಯನ್ ಸಿಕ್ತು, ಮೊದಲ ಅಳತೆ 115.55 ಮೀಟರ್. ಆಮೇಲಿನ ಅಳತೆಗಳಲ್ಲಿ ಅದು 116ರ ಹತ್ತಿರ ಬಂದಿದೆ, ಜೀವಂತ ಮರ ನೋಡಿ, ಬೆಳೀತಾನೇ ಇರುತ್ತೆ. ಎಷ್ಟು ಎತ್ತರ ಅಂತ ಅಂದಾಜು ಬೇಕಿದ್ರೆ, ಗೇಟ್‌ವೇ ಆಫ್ ಇಂಡಿಯಾ 26 ಮೀಟರ್, ಒಂದರ ಮೇಲೊಂದು ನಾಲ್ಕು ಗೇಟ್‌ವೇ ಇಟ್ರೂ ಹೈಪೀರಿಯನ್ ತುದಿ ಇನ್ನೂ ಮೇಲೇ ಇರುತ್ತೆ.

ನನಗೆ ಈ ಸಂಖ್ಯೆಗಿಂತ ಅದು ಸಿಕ್ಕಿದ ರೀತಿ ಇಷ್ಟ. ಅಮೆರಿಕ ಅಂದ್ರೆ ಎಲ್ಲಾ ಮರಕ್ಕೂ ನಂಬರ್ ಪ್ಲೇಟ್ ಹಾಕಿರ್ತಾರೆ ಅಂದ್ಕೊಳ್ತೀವಿ, ಹಾಗೇನೂ ಇಲ್ಲ. ಕ್ರಿಸ್ ಅಟ್ಕಿನ್ಸ್, ಮೈಕಲ್ ಟೇಲರ್ ಅಂತ ಇಬ್ಬರು, ಅರಣ್ಯ ಇಲಾಖೆಯವರೂ ಅಲ್ಲ ಪ್ರೊಫೆಸರುಗಳೂ ಅಲ್ಲ, ಎತ್ತರದ ಮರ ಹುಡುಕೋ ಹುಚ್ಚು ಹತ್ತಿದವರು, ದಾರಿಯೇ ಇಲ್ಲದ ಕಡೆ ಜರೀಗಿಡ, ಬಿದ್ದ ಮರಗಳ ಮಧ್ಯೆ ನುಸುಳ್ಕೊಂಡು ಕೈಯಲ್ಲೊಂದು ಲೇಸರ್ ಇಟ್ಕೊಂಡು ಕಣಿವೆ ಕಣಿವೆ ಅಳೀತಾ ಹೋದ್ರು. ಆ ಒಂದೇ ಬೇಸಿಗೆಯಲ್ಲಿ ಹಳೇ ದಾಖಲೆ ಮುರಿಯೋ ಮೂರು ಮರ ಸಿಕ್ಕಿದವು, ಹೀಲಿಯೋಸ್, ಐಕರಸ್, ಕೊನೆಗೆ ಆಗಸ್ಟ್ 25ಕ್ಕೆ ಹೈಪೀರಿಯನ್. ಮಜಾ ಏನಂದ್ರೆ ಅಲ್ಲೀವರೆಗೆ ಎಲ್ಲರೂ ಎತ್ತರದ ಮರ ಹೊಳೆ ಪಕ್ಕದ ಸಪಾಟು ಮೆಕ್ಕಲು ಮಣ್ಣಲ್ಲೇ ಇರೋದು ಅಂತ ಅಲ್ಲೇ ಹುಡುಕ್ತಿದ್ರು, ಇದು ನೋಡಿದ್ರೆ ಗುಡ್ಡದ ಇಳಿಜಾರಲ್ಲಿ ನಿಂತಿದೆ. ಅದರ ಹತ್ತಿರದವರೆಗೂ ಕಾಡು ಕಡಿದು ಬೋಳು ಮಾಡಿಯಾಗಿತ್ತು, 1978ರಲ್ಲಿ ನ್ಯಾಷನಲ್ ಪಾರ್ಕಿನ ಗಡಿ ದೊಡ್ಡದು ಮಾಡಿದ್ದಕ್ಕೆ ಈ ಪಟ್ಟಿ ಉಳೀತು. ಹಳೇ ರೆಡ್‌ವುಡ್ ಕಾಡಿನಲ್ಲಿ ನೂರಕ್ಕೆ 95 ಪಾಲು ಹೋಗಿಯೇ ಬಿಟ್ಟಿದೆ, ಆ 95ರಲ್ಲಿ ಇನ್ನೆಷ್ಟು ಎತ್ತರದವು ಇದ್ವೋ.

ಲೇಸರಲ್ಲಿ ನೋಡಿದ ಮಾತ್ರಕ್ಕೆ ದಾಖಲೆ ಆಗಲ್ಲ. ಹಂಬೋಲ್ಟ್ ಯೂನಿವರ್ಸಿಟಿಯ ಸ್ಟೀವ್ ಸಿಲೆಟ್ ಮರ ಹತ್ತಿ ಟೇಪ್ ಇಳಿಬಿಟ್ಟು ಅಳೆದ್ರು. ಹತ್ತೋದು ಹೇಗೆ ಗೊತ್ತಾ, ಕೆಳಗಿನ ಟೊಂಗೆಯೇ ಎಷ್ಟೋ ಮೀಟರ್ ಮೇಲಿರುತ್ತೆ, ಹಾಗಾಗಿ ಮೊದಲು ಬಾಣಕ್ಕೆ ಮೀನು ಹಿಡಿಯೋ ತೆಳು ದಾರ ಕಟ್ಟಿ ಗಟ್ಟಿ ಟೊಂಗೆ ದಾಟಿಸಿ ಹೊಡೀತಾರೆ, ಆ ದಾರಕ್ಕೆ ಸ್ವಲ್ಪ ದಪ್ಪ ಹುರಿ ಕಟ್ಟಿ ಎಳೀತಾರೆ, ಹುರಿಗೆ ಹಗ್ಗ, ಆ ಹಗ್ಗದ ಮೇಲೆ ಮನುಷ್ಯ. ತುದಿ ಹತ್ತಿರ ಹೋಗಿ ಟೇಪಿಗೆ ಭಾರ ಕಟ್ಟಿ ನೆಲದವರೆಗೆ ಬಿಡ್ತಾರೆ. ಇಳಿಜಾರು ಇದ್ರೆ ಮೇಲಿನ ಬದಿ ನೆಲ, ಕೆಳಗಿನ ಬದಿ ನೆಲ ಎರಡರ ಮಧ್ಯದ ಮಟ್ಟ ಹಿಡೀಬೇಕು, ಇಲ್ಲಾಂದ್ರೆ ಒಂದೆರಡು ಮೀಟರ್ ಸುಮ್ಮನೆ ಸೇರ್ಕೊಳ್ಳುತ್ತೆ. ಅಂದಹಾಗೆ ಹೈಪೀರಿಯನ್ ತುದಿಯನ್ನ ಮರಕುಟಿಗ ಕುಟ್ಟಿ ಹಾಳು ಮಾಡಿತ್ತು, ಅದಿಲ್ಲಾಂದ್ರೆ ಇನ್ನೂ ಸ್ವಲ್ಪ ಬೆಳೀತಿತ್ತು ಅಂದ್ರಂತೆ ಅಳೆದವರು.

ಹಳೇ ಪುಸ್ತಕಗಳಲ್ಲಿ ಇದಕ್ಕಿಂತ ದೊಡ್ಡ ಸಂಖ್ಯೆಗಳೂ ಸಿಗ್ತವೆ. ಆಸ್ಟ್ರೇಲಿಯಾದ ವಿಕ್ಟೋರಿಯಾದಲ್ಲಿ 1872ರಲ್ಲಿ ವಿಲಿಯಂ ಫರ್ಗ್ಯುಸನ್ ಅನ್ನೋ ಅರಣ್ಯಾಧಿಕಾರಿ ಬಿದ್ದ ಮರವೊಂದು 435 ಅಡಿ ಇದೆ ಅಂತ ವರದಿ ಕೊಟ್ಟಿದ್ರು, ಅಂದ್ರೆ 132 ಮೀಟರ್ ಮೇಲೆ. ಇದು ನಮ್ಮ ಕಡೆ ನೀಲಗಿರಿ ಅಂತೀವಲ್ಲ ಅದರದೇ ಜಾತಿ, ಯೂಕಲಿಪ್ಟಸ್ ರೆಗ್ನನ್ಸ್. ಬೇರೆ ಯಾರೂ ಅದನ್ನ ಮತ್ತೆ ಅಳೆಯಲಿಲ್ಲ, ಹಾಗಾಗಿ ನಾನಂತೂ ಅದನ್ನ ಲೆಕ್ಕಕ್ಕೆ ಹಿಡಿಯಲ್ಲ. ಅದೇ ಜಾತಿಯ ಸೆಂಚೂರಿಯನ್ ಅನ್ನೋದು ಟ್ಯಾಸ್ಮೇನಿಯಾದಲ್ಲಿ ಈಗಲೂ ನಿಂತಿದೆ, ಸುಮಾರು 100 ಮೀಟರ್, 2019ರ ಕಾಡ್ಗಿಚ್ಚಲ್ಲಿ ಬುಡ ಸುಟ್ಟರೂ ಬದುಕ್ಕೊಂಡಿತು.

ಈಗೆಲ್ಲಾ ಹುಡುಕೋ ಕೆಲಸ ವಿಮಾನದಿಂದ. ಲೈಡಾರ್ ಅಂತ, ಮೇಲಿಂದ ಲೇಸರ್ ಕಿರಣ ಕೆಳಗೆ ಬಿಡ್ತಾರೆ, ಕೆಲವು ಎಲೆಗೆ ಬಡಿದು ಬೇಗ ವಾಪಸ್ ಬರ್ತವೆ, ಕೆಲವು ಸಂದಿಯಲ್ಲಿ ನುಗ್ಗಿ ನೆಲ ಮುಟ್ಟಿ ತಡವಾಗಿ ಬರ್ತವೆ, ಆ ವ್ಯತ್ಯಾಸವೇ ಮರದ ಎತ್ತರ. ಸೆಂಚೂರಿಯನ್ 2008ರಲ್ಲಿ ಸಿಕ್ಕಿದ್ದು ಹೀಗೇ. 2018ರಲ್ಲಿ ಮಲೇಷ್ಯಾದ ಸಬಾದಲ್ಲಿ ದನುಮ್ ಕಣಿವೆಯ ಮೆರಾಂಟಿ ಮರ ಹೀಗೇ ಕಣ್ಣಿಗೆ ಬಿತ್ತು, 2019ರ ಜನವರಿಯಲ್ಲಿ ಉಂಡಿಂಗ್ ಜಾಮಿ ಅನ್ನೋ ಅಲ್ಲಿಯವರೇ ಹತ್ತಿ ಟೇಪ್ ಬಿಟ್ರು, 100.8 ಮೀಟರ್. ಮೆನಾರಾ ಅಂತ ಹೆಸರಿಟ್ರು. ಬೇರು ಬಿಟ್ಟು ಅದರ ತೂಕ 81,500 ಕಿಲೋ ಅಂತ ಲೆಕ್ಕ ಹಾಕಿದಾರೆ, ಬಹುಪಾಲು ಕಾಂಡದ್ದೇ. ಅಮೆಜಾನಲ್ಲಿ 88.5 ಮೀಟರಿನ ಅಂಜೆಲಿಮ್ ಮರ 2019ರಲ್ಲಿ ಡೇಟಾದಲ್ಲಿ ಸಿಕ್ತು, ಆದ್ರೆ ಮನುಷ್ಯ ಅದರ ಬುಡ ಮುಟ್ಟಿದ್ದು 2022ಕ್ಕೆ, ದೋಣಿ, ನಡಿಗೆ ಎಲ್ಲಾ ಸೇರಿ ಅಷ್ಟು ಕಷ್ಟದ ಜಾಗ. ಏಷ್ಯಾದ ದಾಖಲೆ ಈಗ ಟಿಬೆಟ್ಟಿಗೆ ಹೋಗಿದೆ, ಯಾರ್ಲುಂಗ್ ತ್ಸಾಂಗ್ಪೋ ಕಮರಿಯಲ್ಲಿ 2023ರ ಮೇನಲ್ಲಿ ಸಿಕ್ಕಿದ ಸೈಪ್ರೆಸ್ ಮರ, 102.3 ಮೀಟರ್. ಆ ನದಿಯೇ ಮುಂದೆ ಅರುಣಾಚಲಕ್ಕೆ ಇಳಿದು ಬ್ರಹ್ಮಪುತ್ರ ಆಗೋದು. ಹಾಗಾಗಿ ನಿಮ್ಮ ಮಗಳಿಗೆ ಹೇಳಿ, ಮರದ ಜಾತಿಗಳ ಲೆಕ್ಕದಲ್ಲಿ ಎರಡನೇ ಸ್ಥಾನ ಏಷ್ಯಾದ್ದು.

ಸರ್, ನಮ್ಮ ಸೊಸೈಟ್ಯಾಗ ಒಂದು ದೊಡ್ಡ ಮಳೆಮರ ಐತ್ರಿ. ನಮ್ಮ ಹುಡುಗ ಮೊಬೈಲ್ ಆ್ಯಪ್ ಹಚ್ಚಿ ಅಳದಾನ, 24 ಮೀಟರ್ ಬಂದೈತಿ. ಆದ್ರ ಬಾಜೂಕಿನ ನಾಕು ಮಜಲಿ ಬಿಲ್ಡಿಂಗಿಗಿಂತ ಭಾಳ ಏನ್ ಮ್ಯಾಲಿಲ್ರಿ. ಸೆಕ್ರೆಟರಿ ಜೋಡಿ ಪಂದ್ಯ ಬಿದ್ದೈತಿ, ಆ್ಯಪ್ ಸುಳ್ಳ ಹೇಳತೈತೇನ್ರಿ?
— ಧಾರವಾಡದ ಕಡೆಯವರು, ಈಗ ಕೋಥ್ರೂಡ್, ಪುಣೆ

ಪಂದ್ಯದ ದುಡ್ಡು ರೆಡಿ ಇಟ್ಕೊಳ್ರೀ. ಆ್ಯಪಿನ ಗಣಿತ ಸರಿ ಇದೆ, ಆದ್ರೆ ಮಳೆಮರಕ್ಕೆ ಆ ಗಣಿತ ಒಗ್ಗಲ್ಲ. ಆ್ಯಪ್ ಅಂದ್ಕೊಳ್ಳೋದು ಮರದ ತುದಿ ಕಾಂಡದ ನೆತ್ತಿಗೆ ನೆಟ್ಟಗೆ ಇದೆ ಅಂತ. ತೆಂಗು, ಅಡಿಕೆ, ಬಿಲ್ಡಿಂಗ್ ಕಾಂಪೌಂಡಿಗೆ ಸಾಲಾಗಿ ಹಾಕ್ತಾರಲ್ಲ ಆ ಉದ್ದ ಅಶೋಕ, ಇವಕ್ಕೆ ಸರಿ. ಮಳೆಮರ ಹಂಗಲ್ಲ, ನಾಕೂ ಕಡೆ ಹರಡ್ಕೊಂಡಿರುತ್ತೆ, ಕೆಳಗಿಂದ ನೋಡಿದಾಗ ತುದಿ ಅಂತ ಕಾಣೋದು ನಿಮ್ಮ ಕಡೆಗೇ ಚಾಚಿರೋ ಟೊಂಗೆ.

ಲೆಕ್ಕ ಹಾಕೇ ನೋಡೋಣ. ಹುಡುಗ ಕಾಂಡದಿಂದ 20 ಮೀಟರ್ ದೂರ ನಿಂತಿದಾನೆ ಅಂತ ಇಟ್ಕೊಳ್ಳಿ, ಕಣ್ಣು ನೆಲದಿಂದ ಒಂದೂವರೆ ಮೀಟರ್ ಮೇಲೆ. ಅವನು ಗುರಿ ಇಟ್ಟ ಟೊಂಗೆ ನೆಲದಿಂದ 15 ಮೀಟರ್ ಎತ್ತರ, ಆದ್ರೆ ಕಾಂಡದಿಂದ 8 ಮೀಟರ್ ಅವನ ಕಡೆ ಬಂದಿದೆ. ಅಂದ್ರೆ ನಿಜವಾದ ದೂರ 12 ಮೀಟರ್, ಕಣ್ಣಿಂದ ಮೇಲಕ್ಕೆ 13.5. ಈ ಕೋನದ ಟ್ಯಾನ್ ಬೆಲೆ, ಅಂದ್ರೆ ಎತ್ತರವನ್ನ ದೂರದಿಂದ ಭಾಗಿಸಿದ್ದು, 1.125. ಆ್ಯಪಿಗೆ 12 ಗೊತ್ತಿಲ್ಲ, ನೀವು ಕೊಟ್ಟ 20ನ್ನೇ ಗುಣಿಸ್ತು, 22.5 ಬಂತು, ಕಣ್ಣಿನ ಎತ್ತರ ಕೂಡಿಸಿ 24. ಹದಿನೈದು ಮೀಟರಿನ ಟೊಂಗೆ ಇಪ್ಪತ್ನಾಕಾಯ್ತು! ಈ ಒಂದು ತಪ್ಪಿಂದಲೇ ಜಗತ್ತಿನ ಎಷ್ಟೋ ದಾಖಲೆ ಮರ ಆಮೇಲೆ ಗಿಡ್ಡ ಆಗಿವೆ.

ಮರ ಹುಡುಕೋರು ಇದಕ್ಕೆ ಸೈನ್ ವಿಧಾನ ಬಳಸ್ತಾರೆ. ಲೇಸರ್ ರೇಂಜ್‌ಫೈಂಡರ್ ಅಂತ ಬರುತ್ತೆ, ಗಾಲ್ಫ್ ಆಡೋರ ಹತ್ರಾನೂ ಇರುತ್ತೆ, ಅದನ್ನ ನೇರ ಆ ಟೊಂಗೆಗೇ ಬಿಟ್ರೆ ಕಣ್ಣಿಂದ ಟೊಂಗೆಗೆ ಓರೆ ದೂರ ಸಿಗುತ್ತೆ. ನಿಮ್ಮ ಲೆಕ್ಕದಲ್ಲಿ ಅದು 18 ಮೀಟರ್. ಅದನ್ನ ಕೋನದ ಸೈನ್, ಅಂದ್ರೆ ಸುಮಾರು 0.75ರಿಂದ ಗುಣಿಸಿದ್ರೆ 13.5, ಕಣ್ಣಿನ ಎತ್ತರ ಕೂಡಿಸಿ 15. ಸರಿಯಾಯ್ತಲ್ಲ. ಇದರಲ್ಲಿ ತಪ್ಪಿದ್ರೂ ಕಡಿಮೆ ಕಡೆಗೇ ತಪ್ಪುತ್ತೆ, ನಿಜವಾದ ತುದಿ ಕಾಣದೇ ಇದ್ರೆ ಒಂದೆರಡು ಮೀಟರ್ ಕಮ್ಮಿ ಬರಬಹುದು, ಇಲ್ಲದ ಎತ್ತರ ಹುಟ್ಟಲ್ಲ.

ರೇಂಜ್‌ಫೈಂಡರ್ ಇಲ್ಲ ಅಂದ್ರೆ ಮಗನ ಕಂಪಾಸ್ ಬಾಕ್ಸಲ್ಲಿ 45 ಡಿಗ್ರಿ ಸೆಟ್‌ಸ್ಕ್ವೇರ್ ಇರುತ್ತಲ್ಲ, ಅದು ಸಾಕು. ಅದರ ಒಂದು ನೆಟ್ಟನೆ ಅಂಚಿಗೆ ದಾರ ಅಂಟಿಸಿ ತುದಿಗೊಂದು ನಟ್ಟು ಕಟ್ಟಿ, ದಾರ ಅಂಚಿಗೆ ಸಮ ಇರೋ ಹಾಗೆ ಹಿಡೀರಿ, ಓರೆ ಅಂಚಿನ ಗುಂಟ ನೋಡ್ತಾ ಹಿಂದೆ ಹಿಂದೆ ಹೋಗಿ, ಮರದ ನೆತ್ತಿ ಅದೇ ಗೆರೆಗೆ ಬಂದಾಗ ನಿಂತ್ಕೊಳ್ಳಿ. ಅಲ್ಲಿಂದ ಆ ನೆತ್ತಿಯ ನೇರ ಕೆಳಗಿನ ಜಾಗಕ್ಕೆ ಅಳತೆ ಹಿಡೀರಿ, ಕಾಂಡಕ್ಕಲ್ಲ, ಅದೇ ಮುಖ್ಯ. ಬಂದ ದೂರಕ್ಕೆ ಕಣ್ಣಿನ ಎತ್ತರ ಕೂಡಿಸಿದ್ರೆ ಮುಗೀತು. ಸೆಟ್‌ಸ್ಕ್ವೇರ್ ಹಿಡ್ಕೊಂಡು ಹಿಂದೆ ನಡೀಬೇಕಾದ್ರೆ ಪಾರ್ಕಿಂಗಿನ ಸ್ಕೂಟರ್ ನೋಡ್ಕೊಳ್ಳಿ.

ಮರಗಳು 200 ಮೀಟರ್, 300 ಮೀಟರ್ ಯಾಕೆ ಬೆಳೆಯಲ್ಲ?
— ಒಂಬತ್ತನೇ ಕ್ಲಾಸ್ ಹುಡುಗ, ಠಾಣೆ

ಒಳ್ಳೇ ಪ್ರಶ್ನೆ ಪುಟ್ಟಾ. ನೀರು ಸಾಕಾಗಲ್ಲ, ಅದೇ ಕಾರಣ. ನೆಲದಲ್ಲಿ ಇರುತ್ತೆ, ತುದಿವರೆಗೆ ಏರಿಸೋಕೆ ಆಗಲ್ಲ. ಬಾವಿ ಮೇಲೆ ಇಟ್ಟ ಪಂಪು ಸುಮಾರು 10 ಮೀಟರಿಗಿಂತ ಆಳದ ನೀರು ಎಳೆಯೋಕಾಗಲ್ಲ ಅಂತ ಫಿಸಿಕ್ಸಲ್ಲಿ ಓದಿರ್ತೀಯ. ಮರಕ್ಕೆ ಪಂಪೇ ಇಲ್ಲ. ಎಲೆಯಿಂದ ನೀರು ಆವಿ ಆಗುತ್ತೆ, ಆವಿ ಆದಷ್ಟೂ ಹಿಂದಿನ ನೀರನ್ನ ಎಳೆಯುತ್ತೆ, ನೀರಿನ ಕಣಗಳು ಒಂದನ್ನೊಂದು ಬಿಡದೆ ಹಿಡ್ಕೊಂಡಿರೋದ್ರಿಂದ ಬೇರಿನವರೆಗೆ ಇಡೀ ಕಂಬ ಮೇಲಕ್ಕೆ ಬರುತ್ತೆ. ಪ್ರತಿ 10 ಮೀಟರಿಗೆ ಒಂದು ವಾತಾವರಣದ ಒತ್ತಡದಷ್ಟು ಎಳೆತ ಜಾಸ್ತಿ ಬೇಕು, ನಾಳಗಳ ತಿಕ್ಕಾಟ ಬೇರೆ. ರೆಡ್‌ವುಡ್ ತುದಿಯಲ್ಲಿ ಮಧ್ಯಾಹ್ನದ ಹೊತ್ತಿಗೆ ಈ ಎಳೆತ ಹದಿನೆಂಟು ಪಟ್ಟು ವಾತಾವರಣದ ಆಸುಪಾಸು ಇರುತ್ತೆ. ಇನ್ನೂ ಜಾಸ್ತಿ ಆದ್ರೆ ನೀರಿನ ಕಂಬ ಪಟ್ ಅಂತ ತುಂಡಾಗಿ ಗಾಳಿಗುಳ್ಳೆ ನುಗ್ಗುತ್ತೆ, ಆ ನಾಳ ಕೆಲಸಕ್ಕೆ ಬರಲ್ಲ.

2004ರಲ್ಲಿ ಜಾರ್ಜ್ ಕೋಕ್, ಮೇಲೆ ಹೇಳಿದ ಸಿಲೆಟ್ ಮತ್ತವರ ಜೊತೆಯವರು ಆಗ ಗೊತ್ತಿದ್ದ ಅತಿ ಎತ್ತರದ 8 ಮರಗಳಲ್ಲಿ 5ನ್ನ ಹತ್ತಿ ಅಳತೆ ತಗೊಂಡು ನೇಚರ್ ಪತ್ರಿಕೆಯಲ್ಲಿ ಬರೆದ್ರು, ಮರ ಬೆಳೆಯೋ ಮಿತಿ 122ರಿಂದ 130 ಮೀಟರ್ ಅಂತ. ತುದಿಯ ಎಲೆ ನೋಡಿದ್ರೇ ಗೊತ್ತಾಗುತ್ತೆ, ಕೆಳಗಿನ ಟೊಂಗೆಯಲ್ಲಿ ಚಪ್ಪಟೆಯಾಗಿ ಉದ್ದಕ್ಕಿರೋ ಅದೇ ಮರದ ಎಲೆ ಮೇಲೆ ಹೋದಂಗೆ ಚಿಕ್ಕದಾಗಿ ದಪ್ಪಗಾಗಿ ಕೊನೆಗೆ ಕಡ್ಡಿಗೆ ಅಂಟಿದ ಹುರುಪೆ ಥರ ಆಗಿಬಿಡುತ್ತೆ, ಒಳಗೆ ನೀರಿನ ಒತ್ತಡ ಸಾಕಾಗದೆ ಎಲೆ ಉಬ್ಬೋದೇ ಇಲ್ಲ. ಬೇಸಿಗೆಯಲ್ಲಿ ಸಮುದ್ರದಿಂದ ಮಂಜು ಬರುತ್ತೆ ಅಲ್ಲಿ, ಆಗ ಎಲೆಯಿಂದಲೇ ಸ್ವಲ್ಪ ನೀರು ಹೀರ್ಕೊಳ್ಳುತ್ತೆ, ಹಾಗಾಗಿ ಅಷ್ಟಾದ್ರೂ ಎತ್ತರ.

ಮಾರಾಯ್ರೆ, ಆಗುಂಬೆಯಲ್ಲಿ ಇಷ್ಟು ಮಳೆ ಹೊಯ್ತದೆ, ಮತ್ತೆ ನಮ್ಮ ಘಟ್ಟದಲ್ಲಿ ಇಂಥ ಮರ ಯಾಕಿಲ್ಲ? ಕ್ಯಾಲಿಫೋರ್ನಿಯಾದವರಿಗೆ ಮಾತ್ರವಾ?
— ಹೋಟೆಲ್ ಉದ್ಯಮಿ, ಮುಲುಂಡ್, ಮೂಲ ಉಡುಪಿ ಜಿಲ್ಲೆ

ಮಳೆ ಎಷ್ಟು ಅನ್ನೋದಲ್ಲ, ಯಾವಾಗ ಅನ್ನೋದು. ಆಗುಂಬೆಗೆ ವರ್ಷಕ್ಕೆ 7,000 ಮಿಲಿಮೀಟರ್ ಮೀರಿ ಬೀಳುತ್ತೆ ನಿಜ, ಹೆಚ್ಚಿನದೆಲ್ಲ ಜೂನ್‌ನಿಂದ ಸೆಪ್ಟೆಂಬರ್ ಒಳಗೆ, ಆಮೇಲೆ ತಿಂಗಳುಗಟ್ಟಲೆ ಒಣಗಾಲ. ಜತೆಗೆ ಮುಂಗಾರಿನ ಗಾಳಿ ಹೇಗಿರುತ್ತೆ ಅಂತ ಊರಿನ ಹೆಂಚು ಹಾರಿಸ್ಕೊಂಡ ನಿಮಗೆ ನಾನು ಹೇಳಬೇಕಾ. ದನುಮ್ ಕಣಿವೆಗೆ ಆಗುಂಬೆಯ ಅರ್ಧವೂ ಮಳೆ ಇಲ್ಲ, ಆದ್ರೆ ಅದು ವರ್ಷವಿಡೀ ಹಂಚ್ಕೊಂಡು ಬೀಳುತ್ತೆ, ಮೆನಾರಾ ನಿಂತಿರೋ ಜಾಗಕ್ಕೆ ಗುಡ್ಡದ ಮರೆಯೂ ಇದೆ.

ಹಾಗಂತ ನಮ್ಮವು ಕುಳ್ಳಲ್ಲ. ಘಟ್ಟದ ನಿತ್ಯಹಸಿರು ಕಾಡಿನ ಧೂಪದ ಮರಗಳೆಲ್ಲ 40 ಮೀಟರ್ ಮುಟ್ಟುತ್ತವೆ, ಹನ್ನೆರಡು ಹದಿಮೂರು ಮಾಳಿಗೆ. ಉದ್ದ ನೆಟ್ಟಗಿದ್ದ ಹೊನ್ನೆ ಜಾತಿಯ ಮರಗಳನ್ನ ಬ್ರಿಟಿಷರ ಕಾಲದಲ್ಲಿ ಹಡಗಿನ ಕೂವೆಕಂಬಕ್ಕೆ ಅಂತ ಆರಿಸಿ ಆರಿಸಿ ಕಡಿದ್ರು, ಪೂನ್ ಸ್ಪಾರ್ ಅಂತ ಅದಕ್ಕೆ ವ್ಯಾಪಾರದ ಹೆಸರೇ ಇತ್ತು. ಉಳಿದಿರೋದು ಕೊಡಲಿಗೆ ಸಿಗದ ಜಾಗದ್ದು. ಕೇರಳದ ಪರಂಬಿಕುಳಂನಲ್ಲಿ ಕನ್ನಿಮಾರ ತೇಗ ನೋಡಿ, ಹತ್ತಿರ ಹತ್ತಿರ 40 ಮೀಟರ್ ಎತ್ತರ, 7 ಮೀಟರ್ ಸುತ್ತಳತೆ, ತೇಗ ಅಷ್ಟು ದಪ್ಪ ಆಗುತ್ತೆ ಅಂತ ಫರ್ನಿಚರ್ ಅಂಗಡಿಯವರೂ ನಂಬಲ್ಲ. ಉತ್ತರಾಖಂಡದ ಟೋನ್ಸ್ ಕಣಿವೆಯಲ್ಲಿ 60 ಮೀಟರ್ ದಾಟಿದ ಪೈನ್ ಮರ ಇತ್ತು, 2007ರಲ್ಲಿ ಬಿರುಗಾಳಿಗೆ ಬಿತ್ತು.

ಊರಿಗೆ ಕೊಂಕಣ ರೈಲ್ವೆಯಲ್ಲೇ ಹೋಗ್ಬೇಕು ಅಂತೇನಿಲ್ಲ, ಒಂದ್ಸಲ ಗೋವಾದಲ್ಲಿ ಇಳಿದು ಕುಳೆಂನಿಂದ ಕ್ಯಾಸಲ್‌ರಾಕ್ ಕಡೆ ಘಟ್ಟ ಹತ್ತೋ ರೈಲು ಹಿಡೀರಿ, ಕಿಟಕಿ ಪಕ್ಕ ಕೂತ್ಕೊಳ್ಳಿ. ಎಲ್ಲರೂ ದೂಧಸಾಗರ ಬಂತಾ ಬಂತಾ ಅಂತ ಮೊಬೈಲ್ ಹಿಡ್ಕೊಂಡಿರ್ತಾರೆ, ನೀವು ಅದಕ್ಕೆ ಮುಂಚಿನ ಇಳಿಜಾರು ನೋಡಿ, ಕಣಿವೆಯೊಳಗಿಂದ ಎದ್ದ ಮರದ ನೆತ್ತಿ ನಿಮ್ಮ ಕಣ್ಣಿನ ಮಟ್ಟಕ್ಕೇ ಬಂದಿರುತ್ತೆ. ನೆಲದಲ್ಲಿ ನಿಂತು ಕತ್ತೆತ್ತಿದ್ರೆ ಇದು ಕಾಣಲ್ಲ.

ನಮ್ಮ ಸವಣೂರಾಗ ಮಠದ ಆವಾರದಾಗ ದೊಡ್ಡ ಹುಣಸಿ ಗಿಡ ಅದಾವ್ರಿ, ಎರಡು ಸಾವಿರ ವರ್ಷದ್ದು ಅಂತ ಹಿರ್ಯಾರು ಹೇಳ್ತಿದ್ರು. ಇವು ಜಗತ್ತಿನ ಲಿಸ್ಟಿನ್ಯಾಗ ಬರ್ತಾವೇನು? ನಾ ಇಲ್ಲಿ ಪೋರ್ಟಿನ್ಯಾಗ ಕೆಲಸಕ್ಕದೀನಿ, ಜೊತಿ ಮಂದಿ ನಂಬವಲ್ರು.
— ಓದುಗರು, ವಾಸ್ಕೋ, ಗೋವಾ

ನಂಬದೇ ಇದ್ರೆ ಅವರನ್ನ ಹಾವೇರಿ ಬಸ್ ಹತ್ತಿಸಿ. ಅವು ಬಾವೋಬಾಬ್, ಆಫ್ರಿಕಾ ಮೂಲದವು. ಎತ್ತರದ ಲಿಸ್ಟಿಗೆ ಬರಲ್ಲ, ಗಾತ್ರ ಮತ್ತು ವಿಶೇಷದ ಲಿಸ್ಟಿಗೆ ಖಂಡಿತ ಬರ್ತವೆ. ಕಲ್ಮಠದ ಆವರಣದಲ್ಲಿ ಮೂರು ಇದ್ವು, ಒಂದು 2023ರ ಜುಲೈ ಮಳೆಗೆ ಬುಡಸಮೇತ ಉರುಳ್ತು, ಅದನ್ನ ಕ್ರೇನಲ್ಲಿ ಎತ್ತಿ ಮತ್ತೆ ನೆಟ್ರು. ಆನೆ ಮೈಯಂಥ ನುಣುಪು ತೊಗಟೆ, ಒಳಗೆಲ್ಲ ನೀರು ತುಂಬ್ಕೊಂಡ ಮೆತ್ತನೆ ಕಟ್ಟಿಗೆ, ಗಟ್ಟಿ ಮರ ಅಲ್ವೇ ಅಲ್ಲ ಅದು.

ವಯಸ್ಸಿನ ಮಾತಿಗೆ ಬಂದ್ರೆ ಸ್ವಲ್ಪ ನಿಧಾನ. ಬಾವೋಬಾಬಿನ ಒಳಗೆ ಎಷ್ಟೋ ಸಲ ಪೊಳ್ಳಿರುತ್ತೆ, ಹಲವು ಕಾಂಡ ಕೂಡ್ಕೊಂಡು ಒಂದಾಗಿರುತ್ತೆ, ಉಂಗುರ ಎಣಿಸೋಕೆ ಆಗಲ್ಲ. ಹಾಗಾಗಿ ರೇಡಿಯೋಕಾರ್ಬನ್ ಪರೀಕ್ಷೆ ಮಾಡ್ತಾರೆ, ಅಂದ್ರೆ ಕಟ್ಟಿಗೆಯಲ್ಲಿರೋ ಇಂಗಾಲ ನೋಡಿ ವಯಸ್ಸು ಹೇಳೋದು. ಆಡ್ರಿಯಾನ್ ಪಾತ್ರುತ್ ಅನ್ನೋ ವಿಜ್ಞಾನಿ ಅಲಹಾಬಾದ್ ಹತ್ತಿರದ ಝೂಸಿಯ ಬಾವೋಬಾಬ್ ಪರೀಕ್ಷೆ ಮಾಡಿದಾಗ ಎಂಟುನೂರು ವರ್ಷದ ಆಸುಪಾಸು ಬಂತು, ಅದೂ ಪುರಾಣದ ಕಾಲದ್ದು ಅಂತಲೇ ಜನ ನಂಬಿದ್ದ ಮರ. ಜಿಂಬಾಬ್ವೆಯ ಪಾಂಕೆ ಅನ್ನೋದಕ್ಕೆ ಸುಮಾರು 2,450 ವರ್ಷ ಆಗಿತ್ತು, ಅದು ಸತ್ತುಹೋಯ್ತು. 2018ರಲ್ಲಿ ಅದೇ ತಂಡ ಬರೆದ ಪ್ರಕಾರ ಆಫ್ರಿಕಾದ ಅತಿ ಹಳೇ 13 ಬಾವೋಬಾಬುಗಳಲ್ಲಿ 9 ಸತ್ತಿವೆ ಅಥವಾ ಅವುಗಳ ಅತಿ ಹಳೇ ಭಾಗ ಬಿದ್ದಿದೆ. ಸವಣೂರಿನ ಮರ ಎರಡು ಸಾವಿರ ಅನ್ನೋದನ್ನ ಹಿರಿಯರ ಮಾತು ಅಂತಲೇ ಇಟ್ಕೊಳ್ಳಿ, ಎಂಟುನೂರೇ ಆದ್ರೂ ಕಮ್ಮಿ ಏನಲ್ಲವಲ್ಲ. ಮುಂಬೈ ಓದುಗರಿಗೆ, ಇದೇ ಜಾತಿ ಭಾಯ್ಖಳಾದ ರಾಣಿಬಾಗಲ್ಲಿದೆ, ವಸಯಿ ಕೋಟೆಯಲ್ಲೂ ಇದೆ, ಗೋರಖ ಚಿಂಚ ಎಲ್ಲಿ ಅಂತ ಕೇಳಿದ್ರೆ ಮಾಲಿಗಳು ತೋರಿಸ್ತಾರೆ.

ಇನ್ನು ಹರವಿನ ದಾಖಲೆ ಅಂದ್ರೆ ಅದು ನಮ್ಮ ಆಲದ್ದು, ಅಮೆರಿಕದವರು ಎಷ್ಟು ಲೇಸರ್ ಬಿಟ್ರೂ ಅದನ್ನ ಕಿತ್ಕೊಳ್ಳೋಕಾಗಲ್ಲ. ಆಂಧ್ರದ ಕದಿರಿ ಹತ್ತಿರ ತಿಮ್ಮಮ್ಮ ಮರ್ರಿಮಾನು, 1989ರಲ್ಲಿ ಗಿನ್ನೆಸ್‌ಗೆ ಹೋಯ್ತು, ಎರಡು ಹೆಕ್ಟೇರ್ ಅಂದಾಜು. ಅದನ್ನ ಹೊರಜಗತ್ತಿಗೆ ತೋರಿಸಿದವರು ಬೆಂಗಳೂರಿನ ಪತ್ರಕರ್ತ ರಿಗ್ರೆಟ್ ಅಯ್ಯರ್. ಹೌರಾದ ಬೊಟಾನಿಕಲ್ ಗಾರ್ಡನ್ನಿನ ದೊಡ್ಡ ಆಲದ ತಾಯಿಕಾಂಡ ಕೊಳೆತು 1925ರಲ್ಲೇ ತೆಗೆದುಹಾಕಿದಾರೆ, ಬಿಳಲುಗಳ ಮೇಲೇ ಬದುಕಿದೆ. ಬೆಂಗಳೂರು ಹತ್ತಿರದ ಕೇತೋಹಳ್ಳಿಯದ್ದೂ ಹಾಗೇ, ಮೂರು ಎಕರೆ.

ಜಗತ್ತಿನ ಅತಿ ಹಳೇ ಮರ ಯಾವುದು? ಒಂದೇ ಸಾಲಲ್ಲಿ ಹೇಳಿ.
— ಪಿಂಪ್ರಿ

ಒಂಟಿ ಕಾಂಡದ್ದು ಅಂದ್ರೆ ಕ್ಯಾಲಿಫೋರ್ನಿಯಾದ ವೈಟ್ ಮೌಂಟನ್ಸ್‌ನ ಬ್ರಿಸಲ್‌ಕೋನ್ ಪೈನ್ ಮೆಥುಸೆಲಾ, 4,800 ವರ್ಷ ದಾಟಿದ್ದು, ಯಾವ ಮರ ಅಂತ ಬೋರ್ಡ್ ಹಾಕಿಲ್ಲ, ಬೇಕಂತಲೇ. ಒಂದು ಸಾಲು ಮುಗೀತು, ಆದ್ರೂ ಇನ್ನೊಂದು: 1964ರಲ್ಲಿ ನೆವಾಡಾದಲ್ಲಿ ಒಬ್ಬ ಸಂಶೋಧಕ ವಿದ್ಯಾರ್ಥಿ ಅರಣ್ಯ ಇಲಾಖೆಯ ಪರ್ಮಿಷನ್ ತಗೊಂಡೇ ಒಂದು ಪೈನ್ ಕಡಿಸಿದ, ಉಂಗುರ ಎಣಿಸಿದ್ರೆ 4,800 ಮೀರಿತ್ತು, ಅದೇ ಪ್ರೊಮೀಥಿಯಸ್.

ಮಗಳು ಸ್ಯಾನ್ ಹೋಸೆಯಲ್ಲಿದಾಳೆ, ಬಾಣಂತನಕ್ಕೆ ಹೋಗ್ತಿದೀವಿ. ಆ ಹೈಪೀರಿಯನ್ ಮರ ನೋಡಬಹುದಾ? ಯಜಮಾನರಿಗೆ ಮೊಣಕಾಲು ನೋವಿದೆ.
— ಓದುಗರು, ಮಾಟುಂಗಾ

ಹೈಪೀರಿಯನ್ ಬಿಟ್ಬಿಡಿ. ಜಾಗ ಗುಟ್ಟಾಗಿಟ್ಟಿದ್ರೂ ಇಂಟರ್ನೆಟ್ಟಲ್ಲಿ ಸೋರಿ ಜನ ಹೋಗೋಕೆ ಶುರುಮಾಡಿದ್ರು, ಬುಡದ ಸುತ್ತಿನ ಜರೀಗಿಡ ಸತ್ತು, ಮಣ್ಣು ತುಳಿದು ಗಟ್ಟಿಯಾಗಿ, ಕಸ, ಟಾಯ್ಲೆಟ್ಟಿಗೆ ಹೋಗಿಬಂದ ಗುರುತು ಎಲ್ಲಾ. ರೆಡ್‌ವುಡ್ ಬೇರು ಅಷ್ಟು ದೊಡ್ಡ ಮರಕ್ಕೆ ನಂಬೋಕಾಗದಷ್ಟು ಮೇಲೇ ಹರಡಿರುತ್ತೆ, ತುಳಿದ್ರೆ ನೇರ ಪೆಟ್ಟು. 2022ರಲ್ಲಿ ಪಾರ್ಕಿನವರು ಆ ಜಾಗವನ್ನೇ ಮುಚ್ಚಿದ್ರು, ಸಿಕ್ಕಿಬಿದ್ರೆ 5,000 ಡಾಲರ್‌ವರೆಗೆ ದಂಡ, ಆರು ತಿಂಗಳವರೆಗೆ ಜೈಲು. ಬಾಣಂತನಕ್ಕೆ ಹೋಗಿ ಜೈಲಿಗೆ ಯಾಕೆ. ಜತೆಗೆ ಅಲ್ಲಿ ಹೋದವರೇ ಹೇಳೋದು, ಬುಡದಿಂದ ನೋಡಿದ್ರೆ ಅದು ಬೇರೆ ಮರಕ್ಕಿಂತ ಎತ್ತರ ಅಂತ ಗೊತ್ತೇ ಆಗಲ್ಲ, ತುದಿ ಕಾಣೋದೇ ಇಲ್ಲ.

ನಿಮಗೆ ಹತ್ತಿರ ಅಂದ್ರೆ ಸ್ಯಾನ್ ಫ್ರಾನ್ಸಿಸ್ಕೋ ಆಚೆಯ ಮ್ಯೂರ್ ವುಡ್ಸ್. ಮರದ ಹಲಗೆ ಹಾಸಿದ ಸಪಾಟು ದಾರಿ ಇದೆ, ಯಜಮಾನರಿಗೆ ಆರಾಮ, ಪಾರ್ಕಿಂಗ್ ಮಾತ್ರ ಮೊದಲೇ ಬುಕ್ ಮಾಡಿಸಿ ಅಂತ ಅಳಿಯಂದ್ರಿಗೆ ಹೇಳಿ. ಎರಡು ದಿನ ಬಿಡುವಾದ್ರೆ ಉತ್ತರಕ್ಕೆ ಹಂಬೋಲ್ಟ್ ರೆಡ್‌ವುಡ್ಸ್, ಕಾರಲ್ಲಿ ಕೂತೇ ಅವೆನ್ಯೂ ಆಫ್ ದಿ ಜಯಂಟ್ಸ್ ಅನ್ನೋ ರಸ್ತೆಯಲ್ಲಿ ಹೋಗಬಹುದು, ಇಳಿದು ಫೌಂಡರ್ಸ್ ಗ್ರೋವಲ್ಲಿ ಸುತ್ತಾಡಿ, 1991ರಲ್ಲಿ ಬಿದ್ದ ಡೈಯರ್‌ವಿಲ್ ಜಯಂಟ್ ಅಲ್ಲೇ ಮಲಗಿದೆ. ನನ್ನ ಪ್ರಕಾರ ನಿಂತ ಮರಕ್ಕಿಂತ ಆ ಬಿದ್ದ ಮರದ ಪಕ್ಕ ನಡೆದಾಗ ಅಳತೆ ತಲೆಗೆ ಹೋಗುತ್ತೆ. ಜನರಲ್ ಶೆರ್ಮನ್ ನೋಡ್ಬೇಕು ಅಂದ್ರೆ ಅದು ಬೇರೆ ದಿಕ್ಕು, ಸಿಯೆರಾ ನೆವಾಡಾ ಬೆಟ್ಟಗಳಲ್ಲಿ, ಬೇರೆ ಜಾತಿಯ ಸೆಕ್ವೋಯಾ. ಎತ್ತರ 83.8 ಮೀಟರ್ ಅಷ್ಟೇ, ಕಾಂಡದ ಗಾತ್ರದಲ್ಲಿ ಜಗತ್ತಿನ ನಂಬರ್ ಒನ್, 1,487 ಘನ ಮೀಟರ್. 2021ರ ಬೆಂಕಿಯಲ್ಲಿ ಅದರ ಬುಡಕ್ಕೆ ಬೆಂಕಿ ತಡೆಯೋ ಅಲ್ಯೂಮಿನಿಯಂ ಹಾಳೆ ಸುತ್ತಿ ಉಳಿಸ್ಕೊಂಡ್ರು.

ನಮ್ಮ ಏರಿಯಾದ ದೊಡ್ಡ ಮರಗಳ ಲಿಸ್ಟ್ ನಾವೇ ಮಾಡಬಹುದಾ? ಎತ್ತರ, ದಪ್ಪ, ಹರವು, ಯಾವುದಕ್ಕೆ ಎಷ್ಟು ಮಾರ್ಕ್ಸ್?
— ಕನ್ನಡ ಸಂಘದ ಕೆಲವು ಹುಡುಗರು, ನವಿ ಮುಂಬೈ

ಧಾರಾಳವಾಗಿ ಮಾಡಿ. ಅಮೆರಿಕನ್ ಫಾರೆಸ್ಟ್ಸ್ ಸಂಸ್ಥೆಯವರು 1940ರಲ್ಲಿ ಚಾಂಪಿಯನ್ ಮರಗಳ ಪಟ್ಟಿ ಶುರುಮಾಡಿದ್ರು, ಅವರ ಸೂತ್ರ ಸುಲಭ. ಸುತ್ತಳತೆ ಇಂಚಲ್ಲಿ, ಎತ್ತರ ಅಡಿಯಲ್ಲಿ, ಹರವಿನ ಸರಾಸರಿ ಅಡಿಯಲ್ಲಿ ಹಿಡಿದು ಅದರ ಕಾಲು ಭಾಗ, ಮೂರನ್ನೂ ಕೂಡಿಸಿ. ಸುತ್ತಳತೆ 160 ಇಂಚು, ಎತ್ತರ 55 ಅಡಿ, ಹರವು 80 ಅಡಿ ಇರೋ ಮಳೆಮರಕ್ಕೆ 160, 55, 20 ಸೇರಿ 235 ಪಾಯಿಂಟ್. ನಮ್ಮ ಊರಲ್ಲಿ ಈ ಸೂತ್ರ ಆಲಕ್ಕೆ ಅನ್ಯಾಯ ಮಾಡುತ್ತೆ, ಹಾಗಾಗಿ ಆಲಕ್ಕೆ ಬೇರೆ ಪಟ್ಟಿ ಇಡಿ ಅನ್ನೋದು ನನ್ನ ಅಭಿಪ್ರಾಯ.

ಇದರಿಂದ ಉಪಯೋಗಾನೂ ಇದೆ. ಮಹಾರಾಷ್ಟ್ರದ 1975ರ ನಗರ ಮರ ಸಂರಕ್ಷಣೆ ಕಾಯ್ದೆಗೆ 2021ರಲ್ಲಿ ತಿದ್ದುಪಡಿ ತಂದು 50 ವರ್ಷ ಅಥವಾ ಅದಕ್ಕಿಂತ ಹಳೇ ಮರಗಳನ್ನ ಹೆರಿಟೇಜ್ ಮರ ಅಂತ ಹೇಳಿದಾರೆ. ರೀಡೆವಲಪ್‌ಮೆಂಟ್ ಬಂದಾಗ ಬಿಲ್ಡರ್ ಮುಂದೆ ಅಳತೆ, ಫೋಟೋ, ತಾರೀಖು ಸಮೇತ ಕಾಗದ ಇಟ್ರೆ ಮಾತಿಗೊಂದು ತೂಕ ಇರುತ್ತೆ, ಬರೀ ನಮ್ಮಜ್ಜ ನೆಟ್ಟಿದ್ದು ಅಂದ್ರೆ ಯಾರೂ ಕೇಳಲ್ಲ.

ಸುತ್ತಳತೆ ನೆಲದಿಂದ ನಾಲ್ಕೂವರೆ ಅಡಿ ಎತ್ತರದಲ್ಲಿ ತಗೊಳ್ಳಿ, ಎಲ್ಲರೂ ಒಂದೇ ಎತ್ತರದಲ್ಲಿ ತಗೊಂಡ್ರೆ ಮಾತ್ರ ಹೋಲಿಸೋಕಾಗೋದು. ಅಲ್ಲಿ ಗಂಟು ಇದ್ರೆ ಗಂಟಿನ ಕೆಳಗೆ ತೆಳ್ಳಗಿರೋ ಕಡೆ ಹಿಡೀರಿ. ಟೈಲರ್ ಟೇಪ್ ಸಾಕಾಗದಿದ್ರೆ ಹಿಗ್ಗದ ಹಗ್ಗ ಸುತ್ತಿ ಆಮೇಲೆ ಅಳೀರಿ, ನೈಲಾನ್ ಬೇಡ, ಎಳೆದಷ್ಟೂ ಬರುತ್ತೆ. ಮರಕ್ಕೆ ಮೊಳೆ ಹೊಡೆದು ನಂಬರ್ ಹಾಕಬೇಡಿ. ಹೆಸರು ಗೊತ್ತಿಲ್ಲದ ಮರದ ಎಲೆ, ಹೂ, ತೊಗಟೆ ಮೂರರದ್ದೂ ಹತ್ತಿರದ ಫೋಟೋ ತೆಗೆದು ಪತ್ರಿಕೆಯ ವಿಳಾಸಕ್ಕೆ ಕಳಿಸಿ, ಮಳೆಗಾಲಕ್ಕೆ ಮುಂಚೆ ಪಾಲಿಕೆಯವರು ಟೊಂಗೆ ಕತ್ತರಿಸೋಕೆ ಬರ್ತಾರಲ್ಲ, ಅದಕ್ಕಿಂತ ಮೊದಲು ಹರವು ಅಳೆದು ಮುಗಿಸಿ.